ವಹಿವಾಟು ಇಲ್ಲ

ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಎರಡೇ ಸಾಲು: ‘ಒಂಬತ್ತು ಸಮ್ಮತಿಪತ್ರ ಆದವು. ಬಿಸಿಲು ಬಹಳ, ಚಪ್ಪಲಿಯ ಉಂಗುಟ ಕಿತ್ತುಹೋಯಿತು.’ ಚಪ್ಪಲಿ ಕಿತ್ತದ್ದು ನನಗೆ ನೆನಪೇ ಇಲ್ಲ. ನೆನಪಿರುವ ಹೆಂಗಸು ದಿನಚರಿಯಲ್ಲಿ ಎಲ್ಲಿಯೂ ಇಲ್ಲ. ಹಾಗಾಗಿ ಈಗ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ಕೊನೆಯ ಒಂದು ಮಾತಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಎಂಬತ್ತರ ದಶಕದ ಆರಂಭ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದಿದ್ದೆ. ಠಾಣೆಯ ಒಂದು ಖಾಸಗಿ ಸರ್ವೆ ಆಫೀಸಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಠಾಣೆಗೂ ಕಲ್ಯಾಣಕ್ಕೂ ನಡುವಿನ ಒಂದು ಊರಿನಲ್ಲಿ ನಗರಸಭೆಯವರು ಹಳೆಯ ಒಳಚರಂಡಿ ಕಿತ್ತು ಹೊಸದು ಹಾಕುವವರಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಯಾವ ಕಾಲದಲ್ಲೋ ಹೂತ ಮಣ್ಣಿನ ಪೈಪುಗಳು. ಸಂದುಗಳು ಬಿಟ್ಟಿದ್ದವು, ಒಳಗೆ ಅಶ್ವತ್ಥದ ಬೇರು ಹೊಕ್ಕಿದ್ದವು. ಮಳೆಗಾಲ ಬಂದರೆ ಚಾಳುಗಳ, ಅಂದರೆ ಅಲ್ಲಿನ ವಠಾರಗಳ, ಕೆಳಗಿನ ಮನೆಗಳಲ್ಲಿ ಬಚ್ಚಲಿನಿಂದಲೇ ಹೊಲಸು ಉಕ್ಕಿ ಬರುತ್ತಿತ್ತು. ಮಕ್ಕಳಿಗೆ ವಾಂತಿ, ಭೇದಿ. ಹೊಸ ಪೈಪು ಬೇಕೇಬೇಕಾಗಿತ್ತು. ಅದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಅದು ದಪ್ಪ ಪೈಪು, ಹಳೆಯ ದಾರಿಯ ತಿರುವುಗಳಲ್ಲಿ ಹಿಡಿಸುತ್ತಿರಲಿಲ್ಲ. ಚಾಳುಗಳ ಬೆನ್ನಿಗಿದ್ದ, ಚಾಳಿನ ಮಾಲಕರ ಖಾಸಗಿ ಜಾಗದ ಪಟ್ಟಿಯ ಅಡಿಯಲ್ಲಿ ಹೋಗಬೇಕು. ಜಾಗ ಕೊಳ್ಳುವುದಿಲ್ಲ, ಅಗೆಯಲು, ಹೂಳಲು, ಮುಂದೆ ರಿಪೇರಿಗೆ ಬರಲು ಹಕ್ಕು ಬರೆಸಿಕೊಳ್ಳಬೇಕು. ಅದೇ ನಮ್ಮ ಕೆಲಸ.

ಮರಾಠಿಯಲ್ಲಿ ಅಚ್ಚಾದ ಪತ್ರಗಳು ಎರಡು ಬಗೆಯವು. ಆ ಪಟ್ಟಿಯನ್ನು ಬಹಳ ಕಾಲದಿಂದ ಬಳಸುತ್ತಿದ್ದವರಿಗೆ ಮೊದಲನೆಯದು: ಕೆಲಸ ಮುಗಿದ ಮೇಲೆ ಗೋಡೆ, ಅಡಿಪಾಯ ಕಟ್ಟದೆ ಮತ್ತೆ ಮೇಲ್ಭಾಗ ಬಳಸಿಕೊಳ್ಳಬಹುದು. ಇದಕ್ಕೆ ಅಳತೆ, ನಕ್ಷೆ, ಇಬ್ಬರು ಸಾಕ್ಷಿ, ನಾಲ್ಕು ಸಲದ ಓಡಾಟ. ಎರಡನೆಯದು ಆ ಜಾಗದ ಗೊಡವೆಯೇ ಇಲ್ಲದವರಿಗೆ. ಅದರಲ್ಲಿ ಒಂದೇ ಸಾಲು: ‘ಸದರ ಜಾಗೇವರ ಮಾಝಿ ಕೋಣತೀಹಿ ವಹಿವಾಟ ನಾಹಿ.’ ಒಂದು ಸಹಿ, ಮುಗಿಯಿತು. ಕೆಳಗೆ ‘ಓದಿ ತಿಳಿಸಿದ್ದೇನೆ’ ಎಂದು ಓದಿದವರ ಸಹಿ. ಕನ್ನಡದವರ ಪತ್ರಗಳಲ್ಲಿ ಆ ಸಹಿ ನನ್ನದು.

ಆ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು; ಕಲಬುರಗಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಚಾಳಿನ ಹಿಂದೆ ತಗಡಿನ ಮಾಡು ಇಳಿಸಿ, ಎರಡು ಒಲೆ ಹೂಡಿ, ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುವ ತನ್ನ ಊರ ಕಡೆಯವರಿಗೆ ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದಳು. ಅವಳ ಕೋಣೆಯಲ್ಲಿ ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ನಿಲ್ಲಬೇಕು. ಆ ಮಾಡು ಇಲ್ಲದಿದ್ದರೆ ಖಾನಾವಳಿಯೂ ಇಲ್ಲ. ಹನ್ನೊಂದು ವರ್ಷದಿಂದ ಅಲ್ಲಿಯೇ ಒಲೆ ಉರಿಯುತ್ತಿದೆ ಎಂದು ಆಮೇಲೆ ಅವಳೇ ಹೇಳಿದಳು. ಆ ದಿನ ನಾನು ಕೇಳಿರಲಿಲ್ಲ.

ನಾವು ಹೋದಾಗ ಐದಾರು ಜನ ಉಣ್ಣುತ್ತಿದ್ದರು. ಟೇಪು ಹಿಡಿದ ಸರ್ವೆಯರನನ್ನು ಕಂಡು ಒಬ್ಬ ಕೂಗಿದ: “ಏ ಅಕ್ಕಾ, ಗಟಾರದವ್ರು ಬಂದಾರ. ನಿನ್ನ ಬ್ಯಾಳಿ ಪೈಪಿನಾಗ ಬಿಡ್ತಾರಂತ!”

“ಬಾಯಿ ಮುಚ್ಚಕೊಂಡು ಉಣ್ಣು. ನಿನ್ನೆ ಮೂರು ಸಲ ಹಾಕ್ಸಿಕೊಂಡು ಕುಡದಿ ಅದೇ ಬ್ಯಾಳಿ,” ಎಂದು ಅವನಿಗೆ ಉತ್ತರ ಕೊಟ್ಟಳು. ಆದರೆ ಕೈಯಲ್ಲಿದ್ದ ಹಿಟ್ಟು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಾಗ ದನಿ ಇಳಿದಿತ್ತು. “ಅಕ್ಕೋರೇ, ನೀವು ಲೈಸನ್ಸಿನವ್ರೇನ್ರಿ? ಹ್ವಾದ ವರ್ಷ ಬಂದು ನನ್ನ ಪಾತ್ರೆ ಎಲ್ಲ ಒಯ್ದಿದ್ರು.”

“ಅಲ್ರಿ, ನಾವು ಬರೇ ಪೈಪಿನವರು,” ಎಂದೆ.

ಸರ್ವೆಯರ ಗಡಿಯಾರ ನೋಡಿಕೊಂಡು ಎರಡನೆಯ ಬಗೆಯ ಪತ್ರ ತೆಗೆದು ನನ್ನ ಕೈಗಿಟ್ಟ. “ಪಟಕನ್ ವಾಚಾ, ಬಾಯಿ,” ಬೇಗ ಓದಿ ಮುಗಿಸಿ ಎಂದ. ಅವಳು ಕೇಳಿದಳು: “ಇದರಾಗ ಏನ್ ಬರದದ್ರಿ?”

“ಈ ಜಾಗಾದಾಗ ನಿಮ್ಮದು ಏನೂ ವಹಿವಾಟು ಇಲ್ಲ ಅಂತ.”

ಅವಳ ಮುಖ ಅರಳಿತು. “ಅಷ್ಟೇನಾ! ಖರೇನ ಅದರಿ. ವಹಿವಾಟಾ ಗಿಹಿವಾಟಾ ಏನಿಲ್ರಿ ನಮ್ದು. ನಾಕು ಮಂದಿಗಿ ರೊಟ್ಟಿ ಬಡದ್ ಹಾಕ್ತೀನಿ, ಅದೂ ಒಂದ್ ವ್ಯಾಪಾರೇನ್ರಿ? ಏ, ನೀವೂ ಹೇಳ್ರೋ!” ಉಣ್ಣುತ್ತಿದ್ದವರು ತಲೆ ಆಡಿಸಿದರು. “ಇಲ್ಲರಿ, ಅಕ್ಕಾಂದು ಏನೂ ವಹಿವಾಟಿಲ್ಲ.” ಅವಳು ಹೆಬ್ಬೆಟ್ಟು ಒತ್ತಿದಳು. ಶಾಯಿ ಎಷ್ಟು ಹತ್ತಿತ್ತೆಂದರೆ ಮತ್ತೆ ಹಿಟ್ಟು ಮುಟ್ಟುವ ಮೊದಲು ಎರಡು ಸಲ ಕೈ ತೊಳೆದಳು. ನನಗೂ ಒಂದು ರೊಟ್ಟಿ ಕೊಟ್ಟಳು. ತಿಂದೆನೋ ಇಲ್ಲವೋ ನೆನಪಿಲ್ಲ. ತಿಂದೆ ಅಂತಲೇ ಇಟ್ಟುಕೊಳ್ಳುವುದು ನ್ಯಾಯ.

ಮರಾಠಿಯ ‘ವಹಿವಾಟ’ ವ್ಯಾಪಾರವಲ್ಲ. ಒಂದು ಜಾಗವನ್ನು ಬಹಳ ಕಾಲ ಬಳಸುತ್ತ ಬಂದದ್ದರಿಂದ ಹುಟ್ಟುವ ಹಕ್ಕು ಅದು. ಕಾನೂನಿನ ದಂಡದಿಂದ ತಪ್ಪಿಸಿಕೊಂಡೆ ಎಂದುಕೊಂಡು ಅವಳು ತನ್ನ ಹನ್ನೊಂದು ವರ್ಷವನ್ನು ಅಲ್ಲಗಳೆದಿದ್ದಳು.

ನನಗೆ ಗೊತ್ತಿತ್ತೇ? ಇಲ್ಲಿಯೇ ನಾನು ನನ್ನನ್ನು ನಂಬಲಾರೆ. ಧಾರವಾಡದ ಕಡೆ ಹಳೆಯ ಮುಂಬಯಿ ಸರಕಾರದ ಕಾಗದಗಳ ಭಾಷೆ ಇನ್ನೂ ಉಳಿದಿದೆ. ‘ಆ ಹೊಲ ನಮ್ಮ ವಹಿವಾಟದಾಗ ಐತಿ’ ಎಂದು ಅಪ್ಪ ಹೇಳುತ್ತಿದ್ದದ್ದನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿಲ್ಲ! ನಿಜಾಮನ ಸೀಮೆಯಿಂದ ಬಂದ ಅಕ್ಕನಿಗೆ ಆ ಅರ್ಥ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ನನಗೆ ತಿಳಿಯದೆ ಇರಲು ಕಾರಣವಿರಲಿಲ್ಲ. ಅವಳು ‘ವ್ಯಾಪಾರೇನ್ರಿ?’ ಎಂದಾಗಲೇ ಅವಳು ಬೇರೆ ಏನನ್ನೋ ತಿಳಿದುಕೊಂಡಿದ್ದಾಳೆಂದು ಹೊಳೆಯಬೇಕಾಗಿತ್ತು. ಹೊಳೆದಿತ್ತೇನೋ. ಎದುರಿಗೇ ಎರಡು ಒಲೆ ಉರಿಯುತ್ತಿದ್ದವು. ‘ಈ ಜಾಗ ಬಳಸುವುದಿಲ್ಲ’ ಎಂಬ ಪತ್ರ ನನ್ನ ಕೈಯಲ್ಲಿತ್ತು. ಆದರೂ ಸಹಿ ಹಾಕಿದೆ. ಅವಳ ಭಯ ನಮ್ಮ ಕೆಲಸಕ್ಕೆ ಅನುಕೂಲವಾಗಿತ್ತು.

ಅಗೆತ ನಡೆದ ತಿಂಗಳುಗಳಲ್ಲಿ ಅವಳು ರಸ್ತೆ ಬದಿಯಲ್ಲಿ ಪರಿಚಯದವರ ಜಗಲಿಯ ಮೇಲೆ ಹೇಗೋ ದಿನ ನೂಕಿದಳಂತೆ. ಪೈಪು ಹೂತು ಮಣ್ಣು ಮುಚ್ಚಿದ ಮೇಲೆ ಸಾಲಿನ ಉಳಿದ ಮನೆಯವರು ತಮ್ಮ ತಮ್ಮ ತಗಡು, ಬಟ್ಟೆ ಒಗೆಯುವ ಕಲ್ಲು ತಂದಿಟ್ಟುಕೊಂಡರು. ಅವರದು ಮೊದಲ ಬಗೆಯ ಪತ್ರ. ಅಕ್ಕನ ಜಾಗಕ್ಕೆ ಮಾತ್ರ ಚಾಳಿನ ಮಾಲಕ ತಂತಿ ಬೇಲಿ ಎಳೆಸಿದ. ಕೇಳಿದರೆ ಹೆಬ್ಬೆಟ್ಟಿನ ನಕಲು ತೋರಿಸಿದ.

ಅವಳು ಠಾಣೆಯ ಆಫೀಸು ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ನಿಂತೇ ಕೇಳಿದಳು: “ಅಕ್ಕೋರೇ, ವ್ಯಾಪಾರ ಇಲ್ಲಂತಲ್ಲರಿ ನಾ ಒತ್ತಿದ್ದು? ಜಾಗಾ ಬ್ಯಾಡಂತ ಯಾವಾಗ ಹೇಳಿದ್ನಿ?”

ಸರ್ವೆಯರ ಅವಳೆದುರಿಗೇ ಮರಾಠಿಯಲ್ಲಿ ನನಗೆ ಹೇಳಿದ, ಅರ್ಜಿ ಕೊಡಲಿ, ವಿಚಾರಣೆ ಇಡುತ್ತಾರೆ; ಆದರೆ ಓದಿದವರು ತಾವು ತಪ್ಪು ಓದಿದ್ದಾಗಿ ಹೇಳಿದರೆ ಮಾತ್ರ ಪತ್ರ ರದ್ದಾದೀತು. ಆಮೇಲೆ ನಕ್ಕ. “ಮಗ್ ತುಮಚಿ ನೋಕರಿ?” ಆಗ ನಿಮ್ಮ ನೌಕರಿ, ಎಂದು. ನನ್ನ ಕೆಲಸ ಕಾಯಂ ಆಗುವ ಮಾತು ನಡೆದಿತ್ತು. ಅವನು ಹೆದರಿಸಿದನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಸಲಿಲ್ಲ. ಕೇಳಿದ, ಅಷ್ಟೆ.

ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಎಂ.ಎ. ಓದಿದವಳು, ವಾಕ್ಯವನ್ನು ಎಷ್ಟು ಜಾಣತನದಿಂದ ಕಟ್ಟಿದೆನೆಂದರೆ ಅದರಲ್ಲಿ ತಪ್ಪು ಇತ್ತು, ತಪ್ಪು ಮಾಡಿದವರು ಇರಲಿಲ್ಲ. ‘ಪದದ ಅರ್ಥದಲ್ಲಿ ಗೊಂದಲ ಉಂಟಾಗಿ’ ಎಂದು ಬರೆದಿದ್ದೆ.

ವಿಚಾರಣೆಯ ದಿನ ನಗರಸಭೆಯ ಅಧಿಕಾರಿ ಅದನ್ನು ಓದಿ, ಕನ್ನಡಕ ಮೇಲೆತ್ತಿ, ಗೊಂದಲ ಯಾರದು ಎಂದು ಮರಾಠಿಯಲ್ಲಿ ಕೇಳಿದರು. ನೀವು ಸರಿಯಾಗಿ ಓದಿ ತಿಳಿಸಿದ್ದಿರಿ ತಾನೆ? ಅಕ್ಕ ನನ್ನ ಹಿಂದೆ ನಿಂತಿದ್ದಳು. ಬಜಾರಿನ ಹಿಂದಿ ಬಲ್ಲವಳು. ಆಫೀಸಿನ ಮರಾಠಿ ಅವಳಿಗೆ ಹತ್ತುತ್ತಿರಲಿಲ್ಲ. ನಾನು “ಹೋ” ಎಂದೆ, ಹೌದು ಅಂತ. ‘ಆದರೆ’ ಎಂದೂ ಅಂದೆನೇ? ಅಂದೆ, ಅಷ್ಟರಲ್ಲಿ ಅವರು ಮುಂದಿನ ಕಾಗದ ಎತ್ತಿಕೊಂಡಿದ್ದರು ಎಂದು ನೆನಪು. ಈ ನೆನಪು ನನಗೆ ತೀರಾ ಅನುಕೂಲವಾಗಿದೆ, ಅದಕ್ಕೇ ನಂಬುವುದಿಲ್ಲ. ದಿನಚರಿಯಲ್ಲಿ: ‘ವಿಚಾರಣೆ ಆಯಿತು. ಹತ್ತು ನಿಮಿಷ.’ ಅರ್ಜಿ ವಜಾ ಆಯಿತು.

ಹೊರಗೆ ಮೆಟ್ಟಿಲ ಮೇಲೆ ಅವಳು ನನ್ನ ಮುಂಗೈ ಹಿಡಿದುಕೊಂಡಳು. “ಏನಾತ್ರಿ ಅಕ್ಕೋರೇ? ನೀವು ಹೇಳಿದ್ದು ಅವ್ರಿಗಿ ತಿಳೀಲಿಲ್ಲೇನು? ಇಲ್ಲಾ, ನೀವ ಹೇಳಲಿಲ್ಲೇನ್ರಿ?”

ಸಿಟ್ಟಿನಿಂದ ಕೇಳಿದ ಮಾತಲ್ಲ. ತಿಳಿದುಕೊಳ್ಳಲು ಕೇಳಿದ್ದು.

“ಹೇಳಿದೆ,” ಎಂದೆ. ಕನ್ನಡದಲ್ಲಿ, ಧಾರವಾಡದವರಿಗೂ ಕಲಬುರಗಿಯವರಿಗೂ ಒಂದೇ ಅರ್ಥವಾಗುವ ಹಾಗೆ.

“ಹಂಗಾದ್ರ ಇನ್ನೇನ್ ಮಾಡ್ತೀರಿ ನೀವಾದ್ರೂ,” ಎಂದು ಅವಳು ನನ್ನ ಕೈ ಬಿಟ್ಟಳು. “ಹೋಗ್ಲಿ ಬಿಡ್ರಿ. ವಾಶಿ ಕಡೆ ದೊಡ್ಡ ಮಾರ್ಕೆಟ್ ಬರಾಕತ್ತದಂತ, ನಮ್ ಮಂದಿ ಹೊಂಟಾರ. ಅಲ್ಲೂ ಉಣ್ಣಾವ್ರು ಇದ್ದೇ ಇರ್ತಾರ.” ಎರಡು ಮೆಟ್ಟಿಲಿಳಿದು ತಿರುಗಿ, “ನೀವು ನನ್ನ ಸಲುವಾಗಿ ಇಷ್ಟ್ ಓಡ್ಯಾಡಿದ್ರಿ,” ಎಂದಳು.