ತೊಡೆಯಡಿಯ ಎಡಗೈ

ನಾನು ಎಡಚಿ. ಅದೂ ಹೋಟೆಲಿನವರ ಮನೆಯಲ್ಲಿ ಹುಟ್ಟಿದ ಎಡಚಿ. ಕುಂದಾಪುರದ ಕಡೆಯಿಂದ ತಮಿಳು ನಾಡಿಗೆ ಬಂದ ನಮ್ಮವರು ಅಣ್ಣಾ ನಗರದಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಸಂಜೆ ಶಾಲೆ ಬಿಟ್ಟವಳು ನೇರ ಅಲ್ಲಿಗೇ ಹೋಗಿ, ಕ್ಯಾಶಿನಲ್ಲಿ ಕೂತಿರುತ್ತಿದ್ದ ಅಜ್ಜಿಯ ಪಕ್ಕದ ಮೇಜಿನಲ್ಲಿ ತಿಂಡಿ ತಿನ್ನಬೇಕು. ಹೋಟೆಲಿನವರ ಮಗಳೇ ಎಡಗೈಯಲ್ಲಿ ದೋಸೆ ಮುರಿದರೆ ದೇವರೇ ಗತಿ!

"ಎಡ್ಗೈ ತೊಡಿ ಅಡಿಗ್ ಹಾಕ್ಕಂಡ್ ಕೂಕೋ ಮಗಾ. ಗಿರಾಕಿಗಳ್ ಕಾಂತ್ರಲ್ದಾ?" ಗಿರಾಕಿಗಳು ನೋಡುತ್ತಾರೆಂದು ಅಜ್ಜಿ ಪಿಸುಗುಟ್ಟುತ್ತಿದ್ದರು.

ಹಾಕಿಕೊಂಡೆ. ಬರೆಯುವುದನ್ನೂ ಬಲಗೈಗೇ ಕಲಿಸಿದರು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಕ್ಲಾಸಿನಲ್ಲಿ, ಟ್ಯೂಷನ್ನಿನಲ್ಲಿ, ಟಿವಿ ಮುಂದೆ, ಎಲ್ಲಿ ಕೂತರೂ ಕೈ ತಾನಾಗಿ ತೊಡೆಯಡಿಗೆ ಹೋಗುತ್ತಿತ್ತು. ಜೋಮು ಹಿಡಿದರೆ ಹಿಡಿಯಲಿ. ಎಲ್ಲರ ಕೈಯೂ ಹೀಗೇ ಮರಗಟ್ಟಿರುತ್ತದೆ ಅಂದುಕೊಂಡಿದ್ದೆ.

ಎಂಟನೇ ಕ್ಲಾಸಿನಲ್ಲಿ ಸೊಂಟದಿಂದ ಭುಜದವರೆಗೆ ನೋವು ಶುರುವಾಯಿತು. "ವಲಿಕ್ಕುದು ಅಜ್ಜಿ," ನೋಯುತ್ತಿದೆ ಎಂದು ತಮಿಳಿನಲ್ಲೇ ಹೇಳಿದೆ. ಅಪ್ಪ ಬ್ಯಾಗಿನ ಭಾರ ಎಂದು ಚಕ್ರದ ಬ್ಯಾಗು ತಂದರು. ಅಮ್ಮ ಮೊಬೈಲ್ ಕಿತ್ತುಕೊಂಡರು. ಅಜ್ಜಿ ಬಿಸಿ ಎಣ್ಣೆ ತಿಕ್ಕಿದರು. ನೋವು ಜಪ್ಪಯ್ಯ ಅನ್ನಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಪೇಪರ್ ಮುಗಿಸಲಾಗದೆ ಎದ್ದು ನಿಂತುಬಿಟ್ಟೆ. ಕೂರಲು ಆಗುತ್ತಿರಲಿಲ್ಲ. ಹೀಗೇ ಆದರೆ ಮುಂದೆ ಪಬ್ಲಿಕ್ ಪರೀಕ್ಷೆಗೆ ಹೇಗೆ ಕೂರುತ್ತಾಳೆ ಎಂದು ಟೀಚರ್ ಅಮ್ಮನನ್ನು ಕೇಳಿದರು. ಅಮ್ಮ ಅತ್ತರು. ನನಗೆ ಏನೂ ಅನ್ನಿಸಲಿಲ್ಲ. ಹೆದರಿಕೆಯಾದರೂ ಆಗಬೇಕಿತ್ತು, ಅದೂ ಇಲ್ಲ.

ಕೊನೆಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋದರು. ಆ ಮೇಡಂ ಬೆನ್ನು ಮುಟ್ಟಲೇ ಇಲ್ಲ. ಕ್ಲಾಸಿನಲ್ಲಿ ಕೂರುವ ಹಾಗೆ ಕೂತು ತೋರಿಸು ಎಂದರು. ಕೂತೆ.

"ಕೈಯ ಏಮ್ಮಾ ಅಡಿಯಿಲ ವೆಚ್ಚಿರುಕ್ಕೆ?"

ಕೈ ಅಡಿಗೆ ಯಾಕಿಟ್ಟಿದ್ದೀ ಎಂದು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅಮ್ಮ, ಅದೂ ಹೆಮ್ಮೆಯಿಂದ: "ನಲ್ಲ ಪಳಕ್ಕಂ ಮೇಡಂ." ಒಳ್ಳೆಯ ಅಭ್ಯಾಸ, ಚಿಕ್ಕಂದಿನಿಂದ ಮಾಡಿಸಿದ್ದೇವೆ ಎಂದರು.

ಮೇಡಂ ನನ್ನ ಕೈ ಹೊರಗೆಳೆದರು. ಇಷ್ಟು ವರ್ಷ ಒಂದು ಪಕ್ಕ ಎತ್ತಿ ಕೂತು ಕೂತು ಬೆನ್ನು ವಾಲಿದೆ, ವ್ಯಾಯಾಮ ಮಾಡಿಸಬೇಕು, ಎಲ್ಲಕ್ಕಿಂತ ಮೊದಲು ಕೈ ಮೇಲೆ ಬರಬೇಕು ಎಂದರು. ಬಸ್ಸು ಹತ್ತಿ ಕೂತೆವು. ನನ್ನ ಕೈ ಆಗಲೇ ಮತ್ತೆ ತೊಡೆಯಡಿಗೆ ಹೋಗಿತ್ತು.

ಹೋಟೆಲಿನಲ್ಲಿ ಸಂಜೆಯ ರಶ್ಶು. ಅಮ್ಮ ಹೇಳಿದ್ದನ್ನು ಕೇಳಿ ಅಜ್ಜಿ ಕ್ಯಾಶ್ ಬಿಟ್ಟು ಎದ್ದು ಬಂದರು. ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ಗಟ್ಟಿಯಾಗಿಯೇ ಹೇಳಿದರು:

"ಕೈ ತೆಗಿ ಮಗಾ. ಎಡ್ಗೈಯಗೇ ತಿನ್. ಯಾರ್ ಬೇಕಾರೂ ಕಾಣ್ಲಿ."

ತೆಗೆದೆ. ದೋಸೆ ಮುರಿಯಲು ಹೋದರೆ ಬೆರಳು ಮಡಚಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಉಜ್ಜತೊಡಗಿದರು. ಅವರ ಕಣ್ಣು ತುಂಬಿತ್ತು.

"ನಾ ಮುಟ್ಟದ್ ಗೊತ್ತಾತ್ತಾ ಮಗಾ?"

ಹ್ಞೂಂ ಅಂದೆ. ಏನೂ ಗೊತ್ತಾಗುತ್ತಿರಲಿಲ್ಲ.