ಗಲ್ಲದ ಮೇಲಿನ ಗಂಧೋದಕ

ನಮ್ಮ ಅತ್ತೆಗೂ ನನಗೂ ಎಣ್ಣೆ-ಸೀಗೆಕಾಯಿ ಸಂಬಂಧ. ನಾನು ನಿಪ್ಪಾಣಿಯ ತಂಬಾಕು ವ್ಯಾಪಾರಿಯ ಮಗಳು, ಅವರು ಕಾಗವಾಡದ ಒಕ್ಕಲು ಮನೆತನದ ಯಜಮಾನಿ. ಎರಡೂ ಜೈನರ ಮನೆಗಳೇ, ಆದರೆ ಅವರ ಲೆಕ್ಕದಲ್ಲಿ ನನಗೆ ಧರ್ಮವೂ ಗೊತ್ತಿಲ್ಲ, ರೊಟ್ಟಿ ಬಡಿಯಲೂ ಬರುವುದಿಲ್ಲ. ನಾನು ಎದುರು ಮಾತಾಡಿದರೆ, "ತಂಬಾಕದ ಊರಾಕಿ, ಅದಕ್ಕ ನಾಲಿಗಿ ಇಷ್ಟು ಘಾಟು," ಅನ್ನುತ್ತಿದ್ದರು. ನಾನೇನು ಸುಮ್ಮನಿರುವವಳೇ? "ನಿಮ್ಮ ಮನಿಗೆ ಬಂದಮ್ಯಾಲ ಇನ್ನಷ್ಟು ಘಾಟು ಏರೇತ್ರಿ," ಅನ್ನುತ್ತಿದ್ದೆ. ನನ್ನ ಗಂಡ ಈ ಮಾತು ಶುರುವಾದರೆ ಸಾಕು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಬ್ಬಿನ ಹೊಲದ ದಾರಿ ಹಿಡಿಯುತ್ತಿದ್ದರು.

ತೊಂಬತ್ತರ ದಶಕದ ಶುರು ಇರಬೇಕು. ಅತ್ತೆ ಬಲಗಲ್ಲದ ಮೇಲೆ ಸೆರಗು ಎಳೆದುಕೊಂಡೇ ಓಡಾಡತೊಡಗಿದರು. ಒಂದು ದಿನ ರೊಟ್ಟಿ ಬಡಿಯುವಾಗ ಸೆರಗು ಜಾರಿತು. ಕಣ್ಣಿನ ಕೆಳಗೆ ಒಂದು ಹುಣ್ಣು, ಅಂಚು ದಪ್ಪಗೆ ಎದ್ದು ನಡುವೆ ಕೆಂಪಗಾಗಿ ರಸಿಗೆ ಒಸರುತ್ತಿತ್ತು. ಅದಕ್ಕೆ ಅರಿಷಿಣ, ಸುಣ್ಣ, ಬೇವಿನ ತಪ್ಪಲು ಎಲ್ಲ ಮೆತ್ತಿ ಮುಗಿಸಿದ್ದರು. "ಬಿಸಿಲಿನ ಗುಳ್ಳಿ, ತಾನ ಹೋಗತೈತಿ ಬಿಡು," ಅಂದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಅಂದು ರೊಟ್ಟಿ ಮುಟ್ಟದೆ ಹಟ ಹಿಡಿದು ಕೂತೆ. ಕೊನೆಗೆ ಮರುದಿನ ಇಬ್ಬರೂ ಮಿರಜದ ಬಸ್ಸು ಹತ್ತಿದೆವು.

ಮಿರಜದ ಡಾಕ್ಟರು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದು ಬಂತು. ಡಾಕ್ಟರು ಮಾತ್ರ ಸಮಾಧಾನದಿಂದ, ಇದು ಗುಣವಾಗುವಂಥದ್ದು, ಆರು ವಾರ ಕರೆಂಟು ಕೊಡಬೇಕು, ನಡುವೆ ಬಿಡಬಾರದು ಎಂದರು. ನಮ್ಮ ಕಡೆ ಆ ಕಿರಣದ ಚಿಕಿತ್ಸೆಗೆ ಕರೆಂಟು ಕೊಡುವುದು ಅಂತಲೇ ಹೆಸರು. ಬಿಟ್ಟರೆ ಹುಣ್ಣು ಮೇಲಕ್ಕೆ ಹಬ್ಬಿ ಕಣ್ಣೇ ಹೋಗುತ್ತದೆ ಎಂದೂ ಹೇಳಿದರು. ಗಲ್ಲದ ಮೇಲೆ ನೇರಳೆ ಶಾಯಿಯಿಂದ ಚೌಕಾಕಾರದ ಗೆರೆ ಎಳೆದು, "ಆಜಿ, ಇಥಂ ಪಾಣೀ ಲಾವಾಯ್ಚಂ ನಾಹೀ," ಎಂದು ಮರಾಠಿಯಲ್ಲಿ ಹೇಳಿ ಬೆರಳು ತೋರಿಸಿದರು. ಅಲ್ಲಿಗೆ ನೀರು ಹಚ್ಚಬಾರದು, ಸಾಬೂನು ಬೇಡ, ಎಣ್ಣೆ ಬೇಡ, ಅರಿಷಿಣವಂತೂ ಬೇಡವೇ ಬೇಡ. ಅತ್ತೆ ತಲೆ ಆಡಿಸಿದರು.

ಅಲ್ಲಿಂದ ನಮ್ಮ ಓಡಾಟ ಶುರುವಾಯಿತು. ಗೆರೆಯ ಸುತ್ತ ಮಾತ್ರ ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸುತ್ತಿದ್ದೆ. ಸೆರಗು ಉಜ್ಜಬಾರದೆಂದು ಹಳೆಯ ಧೋತರ ಹರಿದು ಮೆತ್ತನೆಯ ರುಮಾಲು ಮಾಡಿದ್ದೆ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆಯ ಸೀಟಿಗಾಗಿ ಎಷ್ಟು ಮಂದಿಯ ಜೊತೆ ಜಗಳವಾಡಿದೆನೋ! ಹೊತ್ತು ಮುಳುಗಿದ ಮೇಲೆ ಅತ್ತೆ ಉಣ್ಣುವವರಲ್ಲ, ಹಾಗಾಗಿ ಬಸ್ಸು ತಡವಾದೀತೆಂದು ಹಾಲಿನಲ್ಲಿ ಕಲಸಿದ ಅನ್ನದ ಡಬ್ಬಿ ಜೊತೆಗೇ ಇರುತ್ತಿತ್ತು. ಚರ್ಮ ಕಪ್ಪಾಗಿ ಸುಲಿಯತೊಡಗಿತು. ಬಾಯಿ ತೆರೆದು ತುತ್ತು ತೆಗೆದುಕೊಳ್ಳುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನೋಡಲಾರದೆ ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಮೂರನೆಯ ವಾರ ಡಾಕ್ಟರು ರುಮಾಲು ಸರಿಸಿ ನೋಡಿದವರೇ ಕೆಂಡವಾದರು. ಗೆರೆ ಅಳಿಸಿತ್ತು, ಚರ್ಮ ಹಸಿಯಾಗಿ ಕೀವಾಗಿತ್ತು. ನೋವೆಂದು ಎರಡು ದಿನದಿಂದ ಅತ್ತೆ ನನಗೆ ರುಮಾಲು ಸರಿಸಲು ಬಿಟ್ಟಿರಲಿಲ್ಲ. "ಏನು ಹಚ್ಚಿದಿರಿ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಇದು ಮಾಯುವ ತನಕ ಕರೆಂಟು ಬಂದ್, ಇನ್ನೊಮ್ಮೆ ಹೀಗಾದರೆ ಕಣ್ಣಿನ ಹೊಣೆ ತಮ್ಮದಲ್ಲ ಎಂದರು. ಅತ್ತೆ ನೆಲ ನೋಡುತ್ತ ಕೂತಿದ್ದರು. ನಾನು ಮೈಯೆಲ್ಲ ಕಣ್ಣಾಗಿ ಕಾದಿದ್ದೆ. ಹೀಗಾದದ್ದು ಹೇಗೆ?

ಒಂದು ಹೊತ್ತು ಮಾತ್ರ ಅವರು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಬರುವ ಹೊತ್ತು. ದೇವರ ದರ್ಶನವಾಗದೆ ಅವರು ಹನಿ ನೀರೂ ಕುಡಿಯುವವರಲ್ಲ, ನಾನು ಆಗ ಒಲೆಯ ಮುಂದೆ. ಮರುದಿನ ಒಲೆ ಆರಿಸಿ ಹಿಂದೆಯೇ ಹೋದೆ. ಪಂಡಿತರು ಅಭಿಷೇಕ ಮುಗಿಸಿ ಗಂಧೋದಕದ ಬಟ್ಟಲು ಮುಂದೆ ಹಿಡಿದರು. ದೇವರ ಮೇಲೆ ಎರೆದ ನೀರು, ಹಾಲು, ಗಂಧ, ಅರಿಷಿಣ ಎಲ್ಲ ಕೂಡಿದ ತೀರ್ಥ ಅದು. ನಾವೆಲ್ಲ ಬೆರಳ ತುದಿಯಿಂದ ಕಣ್ಣಿಗೆ, ಹಣೆಗೆ ಹಚ್ಚಿಕೊಳ್ಳುತ್ತೇವೆ. ಅತ್ತೆಯೂ ಹಚ್ಚಿಕೊಂಡರು. ಆಮೇಲೆ ಬೊಗಸೆಯಲ್ಲಿ ತುಂಬಿಕೊಂಡು, ರುಮಾಲು ಸರಿಸಿ, ಗಲ್ಲಕ್ಕೆ ಒತ್ತಿ ಹಿಡಿದರು.

"ಅಯ್ಯೋ ಅರಿಹಂತಾ! ಏನ ಮಾಡಾಕತ್ತೀರಿ ಅತ್ತೀ?" ಎಂದು ಬಸದಿಯೆಂಬುದನ್ನೂ ಮರೆತು ಕೂಗಿದೆ.

ಅವರು ಬೆಚ್ಚಿದರೂ ಸೋಲಲಿಲ್ಲ. "ನೀರ ಹಚ್ಚಬ್ಯಾಡ ಅಂದಾರ. ಇದು ನೀರೇನ? ಎಂಥೆಂಥಾ ಹುಣ್ಣ ಮಾದಾವು ಇದರಲೆ. ಡಾಕ್ಟ್ರ ತನ್ನ ಕೆಲಸ ಮಾಡ್ಲಿ, ದೇವ್ರ ತನ್ನ ಕೆಲಸ ಮಾಡ್ಲಿ."

"ಕಣ್ಣ ಹೋದಮ್ಯಾಲ ಯಾವ ಕಣ್ಣಲೆ ಆ ದೇವರನ್ನ ನೋಡ್ತೀರಿ?" ಎಂದುಬಿಟ್ಟೆ.

ಅತ್ತೆ ಅಲ್ಲೇ ಕಂಬಕ್ಕೆ ಆತು ಕೂತರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ, ಅವರು ಅಳತೊಡಗಿದರು. "ನನಗ ಅಂಜಿಕಿ ಬರ್ತೈತಿ ಬೇ. ಆ ಕೋಣ್ಯಾಗ ಕಣ್ಣಮ್ಯಾಲ ಸೀಸದ ತುಂಡ ಇಟ್ಟು ಎಲ್ಲಾರೂ ಹೊರಗ ಓಡ್ತಾರ. ದಪ್ಪ ಬಾಗ್ಲ ಹಾಕ್ತಾರ. ಒಬ್ಬಾಕಿನ ಬಿದ್ದಿರ್ತೀನಿ, ಹೆಣದಂಗ. ಇದನ್ನ ಹಚ್ಕೊಂಡ ಹ್ವಾದ್ರ ಜೋಡಿಗೆ ಯಾರೋ ಅದಾರ ಅನಸ್ತೈತಿ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆ ಬಾಗಿಲ ಹೊರಗಿನ ಬೆಂಚಿನ ಮೇಲೆ ದಿನಾ ಕೂರುತ್ತಿದ್ದವಳು ನಾನೇ, ಒಳಗೆ ಅವರಿಗೆ ಹೇಗಿರುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ. ಹತ್ತಿರ ಹೋಗಿ ಕೂತೆ. ಪಂಡಿತರು ಬಟ್ಟಲು ಹಿಡಿದೇ ನಿಂತಿದ್ದರು. "ಅವ್ವಾ, ಹಾಸಿಗಿ ಹಿಡದಾವ್ರ ಪಾಲಿಂದು ಮನೀಯವ್ರು ಹಚ್ಕೊಂಡ್ರ ನಡಿತೈತಿ. ನಾವೆಲ್ಲಾ ಹಂಗ ಮಾಡ್ತೀವಲ್ಲ," ಎಂದರು.

ನಾನು ಗಲ್ಲ ಮುಂದೆ ಮಾಡಿದೆ. "ನನಗ ಹಚ್ರಿ ಅತ್ತೀ."

"ಇಕಿಗಾ? ಇಕಿ ಹಬ್ಬಕ್ಕೊಮ್ಮಿ ಬಸದಿ ಕಾಣಾಕಿ," ಎಂದು ಅತ್ತೆ ಅಳುತ್ತಲೇ ಪಂಡಿತರಿಗೆ ಚಾಡಿ ಹೇಳಿದರು. ಆಮೇಲೆ ಬೆರಳು ಅದ್ದಿ ನನ್ನ ಬಲಗಲ್ಲದ ಮೇಲೆ, ಕಣ್ಣಿನ ಕೆಳಗೆ, ತಮಗೆ ಹುಣ್ಣಿದ್ದ ಜಾಗದಲ್ಲೇ ಹಚ್ಚಿದರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ನನ್ನ ಮುಖ ಮುಟ್ಟಿದ್ದು ಅದೇ ಮೊದಲು. ಬೆರಳು ಒರಟಾಗಿತ್ತು.

ಗಾಯ ಮಾಯಿತು, ಡಾಕ್ಟರು ಹೊಸ ಗೆರೆ ಎಳೆದು ಮತ್ತೆ ಕರೆಂಟು ಶುರು ಮಾಡಿದರು. ದಿನಾ ಬೆಳಿಗ್ಗೆ ಬಸದಿ, ಆಮೇಲೆ ಬಸ್ಸು. ಯಂತ್ರದ ಕೋಣೆಗೆ ಹೋಗುವ ಮುನ್ನ ಅತ್ತೆ ತಿರುಗಿ, "ನಾ ಹೊರಗ ಬರೂತನಾ ಮುಖ ತೊಳ್ಕೋಬ್ಯಾಡ ಮತ್ತ," ಅನ್ನುತ್ತಿದ್ದರು. ಅರಿಷಿಣ ಒಣಗಿ ಬಿರಿದ ಗಲ್ಲ ಹೊತ್ತು ನಾನು ಬೆಂಚಿನ ಮೇಲೆ ಕೂತಿರುತ್ತಿದ್ದೆ. ಬಂದವರು ಹೋದವರು ನೋಡಿ ನಗುತ್ತಿದ್ದರು. ನಗಲಿ ಬಿಡು ಅನಿಸುತ್ತಿತ್ತು.

ಕರೆಂಟು ಮುಗಿದು ಹುಣ್ಣು ಒಣಗಿತು. ಕಣ್ಣು ಉಳಿಯಿತು, ಗಲ್ಲದ ಮೇಲೆ ಬಿಳಿ ಕಲೆಯೊಂದು ನಿಂತಿತು. ಇನ್ನು ನೀರು ಹಚ್ಚಬಹುದು ಎಂದು ಡಾಕ್ಟರು ಹೇಳಿದ ಮರುದಿನ ಬಸದಿಯಲ್ಲಿ ನಾನು ದೂರವೇ ನಿಂತೆ. ಅತ್ತೆ ಕಣ್ಣಿಗೆ, ಹಣೆಗೆ ಹಚ್ಚಿಕೊಂಡು, ಮತ್ತೆ ಬೆರಳು ಅದ್ದಿ ನನ್ನ ಕಡೆ ತಿರುಗಿದರು.

"ಬಾ ಬೇ ಇತ್ತ."

"ಡಾಕ್ಟ್ರು ಹೂಂ ಅಂದಾರಲ್ರಿ ಅತ್ತೀ. ಈಗ ನಿಮ್ಮ ಗಲ್ಲಕ್ಕ ನೀವ ಹಚ್ಕೋರಿ."

"ನನ್ನ ಪಾಲಿಂದು ಹಚ್ಕೊಂಡೀನಿ," ಎಂದು ನನ್ನ ಗದ್ದ ಹಿಡಿದು ಮುಖ ತಮ್ಮತ್ತ ತಿರುಗಿಸಿದರು. "ಇದು ನನ್ನ ಮಗಳಿಗೆ."