ಅಮ್ಮನ ಮೂರನೇ ಪರೀಕ್ಷೆ, ಹುಚ್ಚು ಹಿಡಿದ ಕಾರು

ಬ್ರೇಕ್ ಒತ್ತಿದರೆ ವೈಪರ್ ಕುಣಿಯುತ್ತಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಾರ್ನ್ ಸಣ್ಣಗೆ ನರಳುತ್ತಿತ್ತು. ಎಂಜಿನ್ ಅಂತೂ ಒಮ್ಮೆ ಕೆಮ್ಮಿ, ಎರಡು ಉಸಿರೆಳೆದು, ಗೊಟಕ್ ಎನ್ನುತ್ತಿತ್ತು. ಇದೆಲ್ಲ ಇವತ್ತೇ ಆಗಬೇಕೇ! ಇನ್ನೊಂದು ಗಂಟೆಗೆ ಅಮ್ಮನ ಡ್ರೈವಿಂಗ್ ಪರೀಕ್ಷೆ. ಎರಡು ಸಲ ಫೇಲಾಗಿದ್ದ ಅಮ್ಮ, "ಇವತ್ತೂ ಆಗ್ಲಿಲ್ಲ ಅಂದ್ರೆ ಈ ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಲ್ಲ" ಎಂದು ಶಪಥ ಮಾಡಿದ್ದಳು. ಬೇರೆ ಕಾರಿನ ಕ್ಲಚ್ ಅವಳ ಕಾಲಿಗೆ ಒಗ್ಗುವುದೇ ಇಲ್ಲ.

ಅವಳ ಮಗಳನ್ನು ಇಡೀ ಬಡಾವಣೆ ಮೀಟರಕ್ಕ ಎಂದೇ ಕರೆಯುತ್ತದೆ. ಸರ ಇರಬೇಕಾದ ಕೊರಳಲ್ಲಿ ಸದಾ ಕರೆಂಟ್ ಅಳೆಯುವ ಮಲ್ಟಿಮೀಟರಿನ ಕೆಂಪು-ಕಪ್ಪು ವೈರು. ಚಿಕ್ಕವಳಿದ್ದಾಗ ಅಪ್ಪನ ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಿ, ಹಿಡಿ ತುಂಬ ಸ್ಕ್ರೂ ಉಳಿಸಿಕೊಂಡವಳು; ರೇಡಿಯೋ ಮಾತ್ರ ಮೊದಲಿಗಿಂತ ಜೋರಾಗಿ ಹಾಡಿತು ಅನ್ನಿ. ಈಗ ಹಳೇ ಕಾರುಗಳ ವೈರಿಂಗು, ಎಂಜಿನ್ ಕಂಪ್ಯೂಟರು ರಿಪೇರಿ ಮಾಡುವುದೇ ಅವಳ ಕಸುಬು. ಊರ ಕಾರೆಲ್ಲ ಅವಳ ಕೈಯಲ್ಲಿ ಹುಷಾರಾಗುತ್ತವೆ, ಮನೆ ಕಾರಿಗೆ ಹುಚ್ಚು. ದೀಪದ ಬುಡದಲ್ಲೇ ಕತ್ತಲೆ!

ಡ್ಯಾಶ್‌ಬೋರ್ಡಿನ ಕೆಳಗೆ ತೂರಿ, ಕಾರಿನ ಕಂಪ್ಯೂಟರಿನ ದೂರು ಓದುವ ಸ್ಕ್ಯಾನರ್ ಸಿಕ್ಕಿಸಿದಳು. ಅಬ್ಬಬ್ಬಾ, ದೂರಿನ ಸುರಿಮಳೆ! ಗಾಳಿಯ ಸೆನ್ಸರ್ ಸರಿಯಿಲ್ಲ, ಬಿಸಿಯ ಸೆನ್ಸರ್ ಸರಿಯಿಲ್ಲ, ಪೆಟ್ರೋಲಿನದ್ದೂ ಸರಿಯಿಲ್ಲ.

"ಕಂಪ್ಯೂಟರೇ ಹೋಯ್ತೇನೇ?" ಸ್ಟೀರಿಂಗ್ ಹಿಂದೆ ಕೂತಿದ್ದ ಅಮ್ಮ ಬಗ್ಗಿ ಕೇಳಿದಳು.

"ಇಲ್ಲಮ್ಮ. ಒಬ್ರಿಗೆ ಹೊಟ್ಟೆನೋವು ಬಂದ್ರೆ ಅವರ ಹೊಟ್ಟೆ ಸರಿಯಿಲ್ಲ. ಮನೆಮಂದಿಗೆಲ್ಲ ಒಟ್ಟಿಗೇ ಬಂದ್ರೆ ಅಡುಗೇನೇ ಸರಿಯಿಲ್ಲ. ಇವರೆಲ್ಲರಿಗೂ ಸೇರಿದ್ದು ಯಾವ್ದೋ ಒಂದು ಕೆಟ್ಟಿದೆ."

ಅಪ್ಪ ಬಾಗಿಲಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ. "ಇವಳು ಓಡಿಸೋ ಕಾರಲ್ಲಿ ಕೂರೋದಕ್ಕಿಂತ ನಡ್ಕೊಂಡು ಹೋಗೋದೇ ವಾಸಿ" ಎಂದು ಕಂಡಕಂಡವರೆದುರು ಹಲ್ಲು ಕಿಸಿಯುವ ಮನುಷ್ಯ ಇವತ್ತು ಆಕಾಶದ ಕಾಗೆ ಎಣಿಸುತ್ತಿದ್ದ.

ಮೀಟರಕ್ಕ ಬಾನೆಟ್ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ತುಕ್ಕು ತಿಂದಿದ್ದ ಒಳಮೈಯೆಲ್ಲ ಈಗ ಫಳಫಳ ನೀಲಿ ಬಣ್ಣ! ಮೀಟರಿನ ಒಂದು ವೈರಿನ ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಕಾರಿನ ಮೈಗೆ ಚುಚ್ಚಿ, "ಅಮ್ಮ, ಬ್ರೇಕ್ ಒತ್ತು" ಎಂದಳು. ಸೊನ್ನೆಯ ಹತ್ತಿರ ನಿಲ್ಲಬೇಕಾದ ಅಂಕಿ ಚಂಗನೆ ಮೇಲೆ ಹಾರಿತು. ಕರೆಂಟ್ ಬ್ಯಾಟರಿಗೆ ಮರಳುವ ಅರ್ತ್ ತಂತಿ ಕಾರಿನ ಮೈಗೆ ಕೂರುವ ಬೋಲ್ಟು ಬಿಚ್ಚಿ ನೋಡಿದರೆ, ಅದರಡಿಯಲ್ಲೂ ದಪ್ಪಗೆ ನೀಲಿ. ಬಣ್ಣದ ಮೂಲಕ ಕರೆಂಟ್ ಹರಿಯುವುದುಂಟೇ? ದಾರಿ ಸಿಗದೆ ಪಾಪ, ವೈಪರು, ಹಾರ್ನು ಎಂದು ಸಿಕ್ಕಸಿಕ್ಕವರ ಮನೆಗೆ ನುಗ್ಗುತ್ತಿತ್ತು.

"ಅಪ್ಪಾ, ಕೈ ತೋರ್ಸು."

ಕೈ ಮುಂದೆ ಬಂತು. ಉಗುರೆಲ್ಲ ನೀಲಿ.

"ಹೋದ್ಸಲ ಆ ಇನ್ಸ್‌ಪೆಕ್ಟರು ಬಾನೆಟ್ ಎತ್ತಿ, ಗುಜರಿ ಅಂತ ನಕ್ಕನಲ್ಲ," ಅಪ್ಪ ನೆಲ ನೋಡುತ್ತಾ ಅಂದ. "ಇವಳು ಮನೆಗೆ ಬಂದು ಊಟಾನೇ ಮಾಡ್ಲಿಲ್ಲ. ಅದಕ್ಕೇ ನಿನ್ನೆ, ನೀವಿಲ್ದಾಗ... ಬೋಲ್ಟೂ ಬಿಚ್ಚಿ ಚೆನ್ನಾಗೇ ಬಳಿದೆ ಕಣಮ್ಮ."

"ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಲ್ರೀ!" ಎಂದ ಅಮ್ಮನಿಗೆ ನಗು ಒತ್ತರಿಸಿ ಬಂತು. ನಕ್ಕು ನಕ್ಕು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡಳು. ಹಾರ್ನ್ ಕೊಂಯ್ ಎಂದಿತು. ಮೂವರೂ ಹೊಟ್ಟೆ ಹಿಡಿದುಕೊಂಡರು.

ಮೀಟರಕ್ಕ ಬೋಲ್ಟಿನಡಿಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಬೆಳ್ಳಗೆ ಮಿಂಚಿದ ಮೇಲೆ ಬೋಲ್ಟ್ ಬಿಗಿದಳು. ಕೀಲಿ ತಿರುವಿದ್ದೇ ತಡ, ಎಂಜಿನ್ ಗುರ್ರ್ ಎಂದು ನಿಂತಲ್ಲೇ ಹಾಡತೊಡಗಿತು. ಅಮ್ಮ, ಮಗಳು ಹೊರಟರು. ಅಪ್ಪ ಮಾತ್ರ ಹತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಹತ್ತುತ್ತಾನೆ?

ಪರೀಕ್ಷೆಯ ಮೈದಾನದಲ್ಲಿ ಇನ್ಸ್‌ಪೆಕ್ಟರು ಬಾನೆಟ್ ಎತ್ತಿ, ಈ ಸಲ ನಗದೆ ಇಳಿಸಿದರು. ಅಮ್ಮ ಎಂಟರ ಆಕಾರದಲ್ಲಿ ಸುತ್ತಿ, ಹಿಮ್ಮುಖ ಬಂದು, ಗೆರೆಯೊಳಗೆ ಕಾರು ನಿಲ್ಲಿಸಿದಳು. ವೈಪರ್ ತೆಪ್ಪಗಿತ್ತು. "ಪಾಸು" ಎಂದರು ಇನ್ಸ್‌ಪೆಕ್ಟರು. ಮೀಟರಕ್ಕ ಬೇಲಿಯಾಚೆಯಿಂದ ಹಾಕಿದ ಶಿಳ್ಳೆಗೆ ಅವರೇ ಬೆಚ್ಚಿದರು.

ಮರಳುವಾಗ ಅರ್ಧ ದಾರಿಯಲ್ಲಿ ಅಪ್ಪ ಕಂಡ. ಮನೆಯಲ್ಲಿ ಕೂರಲಾಗದೆ, ಬಿಸಿಲಲ್ಲಿ ಬೆವರು ಸುರಿಸುತ್ತಾ ಮೈದಾನದ ಕಡೆಗೇ ದಾಪುಗಾಲು ಹಾಕುತ್ತಿದ್ದ. ಅಮ್ಮ ಪಕ್ಕದಲ್ಲೇ ಕಾರು ನಿಲ್ಲಿಸಿ ಕಿಟಕಿ ಇಳಿಸಿದಳು.

"ಏನ್ರೀ, ನಡ್ಕೊಂಡು ಹೋಗೋದೇ ವಾಸಿನಾ?"

ಅಪ್ಪ ಒಮ್ಮೆ ಅವಳ ಮುಖ ನೋಡಿದ. ಮೀಟರಕ್ಕ ಬಿಟ್ಟುಕೊಟ್ಟ ಮುಂದಿನ ಸೀಟಿನಲ್ಲಿ ಕೂತು, ನೀಲಿ ಉಗುರಿನ ಕೈಯಲ್ಲಿ ಬೆಲ್ಟ್ ಎಳೆದುಕೊಂಡ. ಮನೆಯ ತಿರುವು ಬಂತು, ಹೋಯಿತು.

"ಲೇ, ಮನೆ ಆ ಕಡೆ ಕಣೇ!"

"ಗೊತ್ತು," ಎಂದು ಅಮ್ಮ ಗೇರ್ ಬದಲಾಯಿಸಿದಳು.